ಕಾರ್ಡು ತಿರುಗಿಸಿ, ಉತ್ತರ ತೋರಿಸಿ

ಮಕ್ಕಳೇ, ಪಾಠ ಮುಗಿದ ಮೇಲೆ ಗುರುಗಳು "ಎಲ್ಲರಿಗೂ ಅರ್ಥವಾಯಿತೇ?" ಎಂದು ಕೇಳುತ್ತಾರೆ. ಆಗ ನಿಮ್ಮ ತರಗತಿಯಲ್ಲಿ ಏನಾಗುತ್ತದೆ? "ಆಯ್ತು ಸಾರ್" ಎಂದು ಎಲ್ಲರೂ ಒಂದೇ ರಾಗದಲ್ಲಿ ಹೇಳುತ್ತೀರಿ, ಅಲ್ಲವೇ? ಅರ್ಥವಾದವರೂ ಹೇಳುತ್ತಾರೆ, ಅರ್ಥವಾಗದವರೂ ಹೇಳುತ್ತಾರೆ. ಪ್ರಶ್ನೆ ಕೇಳಿದರೆ ಮುಂದಿನ ಸಾಲಿನ ನಾಲ್ಕೈದು ಕೈಗಳು ಮೇಲೇಳುತ್ತವೆ. ಹಿಂದೆ ಕುಳಿತವರು ಪುಸ್ತಕ ನೋಡುತ್ತಾ ಸುಮ್ಮನಿರುತ್ತಾರೆ. ಅವರಲ್ಲಿ ಉತ್ತರ ಗೊತ್ತಿದ್ದೂ ನಾಚಿಕೆಯಿಂದ ಸುಮ್ಮನಿರುವವರು ಎಷ್ಟು, ಗೊತ್ತಿಲ್ಲದೆ ಸುಮ್ಮನಿರುವವರು ಎಷ್ಟು? ಗುರುಗಳಿಗೆ ತಿಳಿಯುವುದು ಹೇಗೆ?

"ಪರೀಕ್ಷೆ ಇದೆಯಲ್ಲ, ಅದರಲ್ಲಿ ತಿಳಿಯುತ್ತದೆ" ಎಂದು ನೀವು ಹೇಳಬಹುದು. ನಿಜ. ಆದರೆ ಪರೀಕ್ಷೆ ಬರುವುದು ಕೆಲವು ವಾರಗಳ ನಂತರ. ಅಷ್ಟು ಹೊತ್ತಿಗೆ ತರಗತಿ ಎರಡು ಮೂರು ಪಾಠ ಮುಂದೆ ಹೋಗಿರುತ್ತದೆ. ಜ್ವರ ಇದ್ದಾಗ ಥರ್ಮಾಮೀಟರ್ ಇಟ್ಟು ನೋಡಿದರೆ ಔಷಧ ಕೊಡಬಹುದು. ತಿಂಗಳು ಕಳೆದ ಮೇಲೆ "ಅಂದು ನಿನಗೆ ಜ್ವರವಿತ್ತು" ಎಂದು ತಿಳಿದು ಏನು ಪ್ರಯೋಜನ?

ಕಲಿಯುತ್ತಿರುವಾಗಲೇ ಕಲಿಕೆಯನ್ನು ಅಳೆಯುವುದಕ್ಕೆ ರೂಪಣಾತ್ಮಕ ಮೌಲ್ಯಮಾಪನ ಎಂದು ಹೆಸರು. ಎಫ್.ಎ. ಎಂದು ನೀವು ಕರೆಯುವುದು ಇದನ್ನೇ. ಈ ಕೆಲಸವನ್ನು ಪಾಠದ ನಡುವೆಯೇ, ಒಂದು ನಿಮಿಷದಲ್ಲಿ, ತರಗತಿಯ ಪ್ರತಿಯೊಬ್ಬರಿಗೂ ಮಾಡಲು ಸಾಧ್ಯವೇ? ಸಾಧ್ಯ. ಅಂಥ ಒಂದು ಉಪಾಯವನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ಈಗ ನೋಡೋಣ.

ಕಾಗದದ ಕಾರ್ಡು, ಒಂದೇ ಫೋನು

ಈ ಉಪಾಯದ ಹೆಸರು ಪ್ಲಿಕರ್ಸ್. ಕೆಲವು ದೇಶಗಳ ತರಗತಿಗಳಲ್ಲಿ ಉತ್ತರ ಒತ್ತಲು ಮಕ್ಕಳಿಗೆ ಗುಂಡಿಗಳಿರುವ ಚಿಕ್ಕ ಯಂತ್ರವನ್ನು ಕೊಡುತ್ತಾರೆ. ಅದು ಕ್ಲಿಕರ್. ಪ್ರತಿ ಮಗುವಿಗೂ ಒಂದು ಯಂತ್ರ ಕೊಳ್ಳಲು ಹಣ ಬೇಕು. ಹಾಗಾಗಿ ಅದರ ಬದಲು ಪೇಪರ್ ಬಳಸುವ ಉಪಾಯ ಬಂತು. ಪೇಪರ್ ಮತ್ತು ಕ್ಲಿಕರ್ ಸೇರಿ ಪ್ಲಿಕರ್ ಆಯಿತು!

ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕಾರ್ಡು. ಅದರ ಮೇಲೆ ಚೌಕಗಳಿಂದಾದ ಕಪ್ಪು ಚಿತ್ರ. ಒಬ್ಬರ ಚಿತ್ರದಂತೆ ಇನ್ನೊಬ್ಬರದು ಇರುವುದಿಲ್ಲ. ಚಿತ್ರದ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂಬ ಪುಟ್ಟ ಅಕ್ಷರಗಳು. ಗುರುಗಳು ನಾಲ್ಕು ಆಯ್ಕೆಗಳಿರುವ ಪ್ರಶ್ನೆ ಕೇಳುತ್ತಾರೆ. ನಿಮ್ಮ ಉತ್ತರ 'ಬಿ' ಆದರೆ ಬಿ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಎತ್ತಿ ಹಿಡಿಯುತ್ತೀರಿ. ಗುರುಗಳು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನವಾಗಿ ಹಾಯಿಸುತ್ತಾರೆ. ಯಾರು ಯಾವ ಉತ್ತರ ಕೊಟ್ಟರು ಎಂಬುದು ಫೋನಿನಲ್ಲಿ ದಾಖಲಾಗುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲವಿದೆ. ಅಕ್ಷರಗಳು ತೀರ ಚಿಕ್ಕವು. ಪಕ್ಕದವರ ಚಿತ್ರ ನೋಡಿದರೂ ಅವರ ಉತ್ತರ ನಿಮಗೆ ತಿಳಿಯದು, ನಿಮ್ಮದು ಅವರಿಗೆ ತಿಳಿಯದು. ತಪ್ಪಾದರೆ ನಗುತ್ತಾರೆ ಎಂಬ ಭಯವಿಲ್ಲ. ಕೈ ಎತ್ತದ ಹುಡುಗಿಯೂ ಇಲ್ಲಿ ಕಾರ್ಡು ಎತ್ತಬಹುದು.

ಫೋನು ಓದುವುದು ಹೇಗೆ?

ನವೋದಯ ಪ್ರವೇಶ ಪರೀಕ್ಷೆಯ ಓಎಂಆರ್ ಹಾಳೆಯನ್ನು ನೀವು ನೋಡಿರಬಹುದು. ಅದರಲ್ಲಿ ಸರಿಯುತ್ತರದ ವೃತ್ತವನ್ನು ಪೆನ್ನಿನಿಂದ ತುಂಬಬೇಕು. ಯಂತ್ರವು ಹಾಳೆಯ ಮೇಲೆ ಬೆಳಕು ಹಾಯಿಸುತ್ತದೆ. ಬಿಳಿ ಕಾಗದ ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತದೆ. ತುಂಬಿದ ವೃತ್ತ ಬೆಳಕನ್ನು ಹೀರಿಕೊಳ್ಳುತ್ತದೆ. ಎಲ್ಲಿ ಬೆಳಕು ಕಡಿಮೆ ಮರಳಿತೋ ಅಲ್ಲಿ ಗುರುತು ಇದೆ ಎಂದು ಯಂತ್ರ ತಿಳಿಯುತ್ತದೆ. ಅಕ್ಷರ ಓದಲು ಅದಕ್ಕೆ ಬರಬೇಕಾಗಿಲ್ಲ!

ಫೋನಿನ ಕ್ಯಾಮೆರಾ ಮಾಡುವುದೂ ಇಂಥದೇ ಕೆಲಸ. ಅದು ನೋಟವನ್ನು ಲಕ್ಷಾಂತರ ಪುಟ್ಟ ಚುಕ್ಕೆಗಳಾಗಿ ಒಡೆದು, ಪ್ರತಿ ಚುಕ್ಕೆಯಲ್ಲಿ ಬೆಳಕು ಎಷ್ಟಿದೆ ಎಂದು ಅಳೆಯುತ್ತದೆ. ಬೆಳಕು ಕಡಿಮೆ ಇದ್ದರೆ ಕಪ್ಪು, ಹೆಚ್ಚಿದ್ದರೆ ಬಿಳುಪು. ಕಪ್ಪಿಗೆ 1, ಬಿಳುಪಿಗೆ 0 ಎಂದು ಇಟ್ಟುಕೊಂಡರೆ ಇಡೀ ಚಿತ್ರ ಸಂಖ್ಯೆಗಳ ಸಾಲಾಗುತ್ತದೆ. ಆ ಸಾಲನ್ನು ಫೋನು ತನ್ನಲ್ಲಿರುವ ಪಟ್ಟಿಯೊಂದಿಗೆ ಹೋಲಿಸಿ "ಇದು 17ನೇ ಕಾರ್ಡು, ಬಿ ಮೇಲಿದೆ" ಎಂದು ಗುರುತಿಸುತ್ತದೆ. ನಿಮ್ಮ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಕೂಡ ಇದೇ ಬಗೆಯದು. ಅದನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ರೂಪಿಸಿದರು. ವಾಹನಗಳ ಬಿಡಿಭಾಗಗಳ ಲೆಕ್ಕ ಇಡುವುದು ಅದರ ಮೊದಲ ಕೆಲಸವಾಗಿತ್ತು.

ಮಾಡಿ ನೋಡಿ

ನೀವೇ ಇಂಥ ಕಾರ್ಡು ತಯಾರಿಸಬಹುದು. ರಟ್ಟಿನ ಒಂದು ಚೌಕ ಕತ್ತರಿಸಿ. ಅದರಲ್ಲಿ ಎರಡು ಸಾಲು, ಎರಡು ಕಂಬ ಬರುವಂತೆ ನಾಲ್ಕು ಮನೆ ಬರೆಯಿರಿ. ಪ್ರತಿ ಮನೆ ಕಪ್ಪಾಗಿರಬಹುದು ಅಥವಾ ಬಿಳಿಯಾಗಿರಬಹುದು. ಒಟ್ಟು ಎಷ್ಟು ಚಿತ್ರಗಳು ಸಾಧ್ಯ? 2×2×2×2, ಅಂದರೆ 16.

ಹಾಗಾದರೆ 16 ಮಕ್ಕಳಿಗೆ ಕಾರ್ಡು ಸಿಕ್ಕಿತೇ? ಅವಸರ ಬೇಡ. ಕಾರ್ಡನ್ನು ತಿರುಗಿಸಬೇಕು ಎಂಬುದು ನೆನಪಿರಲಿ. ನಾಲ್ಕೂ ಮನೆ ಕಪ್ಪಾಗಿರುವ ಕಾರ್ಡನ್ನು ಹೇಗೆ ತಿರುಗಿಸಿದರೂ ಒಂದೇ ರೀತಿ ಕಾಣುತ್ತದೆ. ಎ ಯಾವುದು, ಬಿ ಯಾವುದು ಗೊತ್ತಾಗದು. ನಾಲ್ಕೂ ಬಿಳಿಯಾದರೂ ಅಷ್ಟೆ. ಎದುರುಬದುರು ಮೂಲೆಗಳೆರಡು ಕಪ್ಪಾಗಿದ್ದರೆ? ಅರ್ಧ ಸುತ್ತು ತಿರುಗಿಸಿದಾಗ ಮತ್ತೆ ಅದೇ ಚಿತ್ರ! ಅಂಥವು ಎರಡಿವೆ. ಈ ನಾಲ್ಕನ್ನು ಬಿಟ್ಟರೆ ಉಳಿಯುವುದು 12. ಒಂದು ಕಾರ್ಡು ತಿರುಗಿಸಿದಾಗ ನಾಲ್ಕು ಚಿತ್ರ ಬಳಕೆಯಾಗುತ್ತವೆ. ಹಾಗಾಗಿ 12÷4=3. ಮೂರೇ ಮಕ್ಕಳಿಗೆ ಕಾರ್ಡು!

ಈಗ ಮೂರು ಸಾಲು, ಮೂರು ಕಂಬದ ಒಂಬತ್ತು ಮನೆ ತೆಗೆದುಕೊಳ್ಳಿ. ಒಟ್ಟು ಚಿತ್ರಗಳು 512. ಅರ್ಧ ಸುತ್ತು ತಿರುಗಿಸಿದರೂ ಬದಲಾಗದವು 32. ಉಳಿದ 480ನ್ನು 4ರಿಂದ ಭಾಗಿಸಿದರೆ 120 ಕಾರ್ಡು. ಐದೇ ಮನೆ ಹೆಚ್ಚಾದದ್ದಕ್ಕೆ 3 ಇದ್ದದ್ದು 120 ಆಯಿತು, ನೋಡಿದಿರಾ? ಆದರೆ ಎರಡು ಕಾರ್ಡುಗಳ ನಡುವೆ ಒಂದೇ ಮನೆಯ ವ್ಯತ್ಯಾಸವಿದ್ದರೆ, ಬೆರಳಿನ ನೆರಳು ಬಿದ್ದರೂ ಒಬ್ಬರ ಉತ್ತರ ಇನ್ನೊಬ್ಬರ ಹೆಸರಿಗೆ ಹೋದೀತು. ಆದ್ದರಿಂದ ಇಂಥ ಕಾರ್ಡು ಮಾಡುವಾಗ ಒಂದಕ್ಕೊಂದು ಚೆನ್ನಾಗಿ ಬೇರೆಯಾಗಿ ಕಾಣುವ ಚಿತ್ರಗಳನ್ನೇ ಆರಿಸಬೇಕು.

ತಪ್ಪು ಉತ್ತರವೂ ಮಾತಾಡುತ್ತದೆ

ಈಗ ನಿಮಗೊಂದು ಪ್ರಶ್ನೆ. ದೊಡ್ಡ ಹುಣಸೆ ಮರ ಕಡಿದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ್ದಾರೆ. ಆ ಒಣ ದಿಮ್ಮಿಯ ತೂಕದ ಹೆಚ್ಚಿನ ಪಾಲು ಎಲ್ಲಿಂದ ಬಂತು?

ಎ. ಮಣ್ಣಿನಿಂದ   ಬಿ. ನೀರಿನಿಂದ   ಸಿ. ಗಾಳಿಯಿಂದ   ಡಿ. ಗೊಬ್ಬರದಿಂದ

ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಬರೆದಿಟ್ಟುಕೊಳ್ಳಿ.

ಸರಿಯುತ್ತರ ಸಿ. ಎಲೆಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಂಡು ದ್ಯುತಿಸಂಶ್ಲೇಷಣೆ ನಡೆಸುತ್ತವೆ. ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ. ಅದು ಬಂದದ್ದು ಗಾಳಿಯಿಂದ.

ನೀವು ಎ ಎಂದು ಬರೆದಿರಾ? ಬೇಸರ ಬೇಡ. ಬೇರುಗಳು ಮಣ್ಣನ್ನು ಆಹಾರದಂತೆ ತಿನ್ನುತ್ತವೆ ಎಂದು ನೀವು ಭಾವಿಸಿರಬಹುದು. ಡಿ ಎಂದವರು ಗೊಬ್ಬರವೇ ಗಿಡದ ಊಟ ಎಂದುಕೊಂಡಿದ್ದಾರೆ. ಬಿ ಎಂದವರು? ಅವರ ಜೊತೆ ಒಬ್ಬ ದೊಡ್ಡ ವಿಜ್ಞಾನಿ ಇದ್ದಾರೆ! ಅವರು ಇಂದಿನ ಬೆಲ್ಜಿಯಂ ದೇಶದ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್. ಸುಮಾರು 90 ಕಿಲೋಗ್ರಾಂ ಒಣ ಮಣ್ಣನ್ನು ತೂಗಿ ಕುಂಡಕ್ಕೆ ತುಂಬಿ, ವಿಲ್ಲೋ ಎಂಬ ಮರದ ಸಸಿ ನೆಟ್ಟರು. ಐದು ವರ್ಷ ನೀರು ಮಾತ್ರ ಹಾಕಿದರು. ಮರದ ತೂಕ ಸುಮಾರು 74 ಕಿಲೋಗ್ರಾಂ ಹೆಚ್ಚಿತ್ತು. ಮಣ್ಣಿನಲ್ಲಿ ಕಡಿಮೆಯಾದದ್ದು 60 ಗ್ರಾಂಗಿಂತಲೂ ಕಡಿಮೆ! ಹಾಗಾದರೆ ಮರವಾದದ್ದು ನೀರೇ ಎಂದು ಅವರು ತೀರ್ಮಾನಿಸಿದರು. ಅವರು ತೀರಿಕೊಂಡ ಮೇಲೆ 1648ರಲ್ಲಿ ಈ ಪ್ರಯೋಗದ ವಿವರ ಪ್ರಕಟವಾಯಿತು. ಉತ್ತರ ಪೂರ್ತಿ ಸರಿಯಲ್ಲ. ಆದರೂ ಮಣ್ಣಿನಿಂದ ಅಲ್ಲ ಎಂಬುದನ್ನು ಅವರು ತೋರಿಸಿಕೊಟ್ಟರು. ಗಾಳಿಯ ಪಾತ್ರವನ್ನು ಮುಂದಿನವರು ಕಂಡುಹಿಡಿದರು.

ಈಗ ಗುರುಗಳ ಫೋನಿನಲ್ಲಿ ಹೀಗೆ ಬಂತು ಎನ್ನೋಣ: 40 ಮಕ್ಕಳಲ್ಲಿ ಎ 18, ಬಿ 9, ಸಿ 8, ಡಿ 5. ಇದು ಯಾರನ್ನೂ ಬೈಯುವುದಕ್ಕೆ ಇರುವ ಪಟ್ಟಿಯಲ್ಲ. ನಾಳೆ ಏನು ಪಾಠ ಮಾಡಬೇಕು ಎಂದು ತಿಳಿಸುವ ಪಟ್ಟಿ. 32 ಮಕ್ಕಳಿಗೆ ಗಾಳಿಯ ಪಾತ್ರ ತಿಳಿದಿಲ್ಲ ಎಂದಮೇಲೆ ಅದೇ ಪಾಠವನ್ನು ಬೇರೆ ರೀತಿಯಲ್ಲಿ ಮಾಡಬೇಕಲ್ಲವೇ?

ಯಂತ್ರಕ್ಕೆ ಗೊತ್ತಿಲ್ಲದ್ದು

ಸಿ ತೋರಿಸಿದ 8 ಮಕ್ಕಳಿಗೆ ನಿಜವಾಗಿ ಗೊತ್ತಿತ್ತೇ? ಲೆಕ್ಕ ಹಾಕಿ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೆ ನಾಲ್ಕಕ್ಕೆ ಒಂದು ಸಲ ಸರಿಯಾಗುತ್ತದೆ. 40 ಮಕ್ಕಳೂ ಹಾಗೆ ಮಾಡಿದರೂ ಸುಮಾರು 10 ಉತ್ತರ ಸರಿಯಾಗಬಹುದು! ಕಾರ್ಡಿನಲ್ಲಿ ಏನು ತೋರಿಸಿದಿರಿ ಎಂದು ಫೋನಿಗೆ ಗೊತ್ತು. ಏಕೆ ತೋರಿಸಿದಿರಿ ಎಂದು ಗೊತ್ತಿಲ್ಲ.

ಅದನ್ನು ತಿಳಿಯಲು ಮಾತು ಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಮೊದಲಲ್ಲಿ ಒಂದು ಕ್ರಮ ಆರಂಭಿಸಿದರು. ಮೊದಲು ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಕೊಡಬೇಕು. ಉತ್ತರಗಳು ಬೇರೆ ಬೇರೆಯಾಗಿದ್ದರೆ ಪಕ್ಕದವರಿಗೆ ತಮ್ಮ ಕಾರಣ ಹೇಳಿ ಚರ್ಚಿಸಬೇಕು. ನಂತರ ಮತ್ತೆ ಉತ್ತರ ಕೊಡಬೇಕು. ಎರಡು ಸಲದ ಉತ್ತರಗಳನ್ನು ಹೋಲಿಸಿದರೆ ಚರ್ಚೆಯಿಂದ ಏನು ಬದಲಾಯಿತು ಎಂದು ಕಾಣುತ್ತದೆ. ಕೆಲವೊಮ್ಮೆ ಒಬ್ಬ ಗೆಳತಿಯ ಒಂದು ಮಾತು ಇಡೀ ಪಾಠಕ್ಕಿಂತ ಚೆನ್ನಾಗಿ ತಿಳಿಸಿಬಿಡುತ್ತದೆ.

ಕಾರ್ಡಿಗೆ ನಿಲುಕದ ಕಲಿಕೆಯೂ ಇದೆ. ಹುರುಳಿ ಮೊಳಕೆಯನ್ನು ಹತ್ತು ದಿನ ಗಮನಿಸಿದ್ದನ್ನು ನಾಲ್ಕು ಆಯ್ಕೆಗಳಲ್ಲಿ ಹೇಳಲಾಗದು. ಅದಕ್ಕೆ ದಿನಕ್ಕೊಂದು ಫೋಟೋ ತೆಗೆದು ಕ್ರಮವಾಗಿ ಜೋಡಿಸಬಹುದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟರೆ ಬೆಳವಣಿಗೆಯೂ ತಿಳಿಯುತ್ತದೆ. ಗ್ರಹಣ ಹೇಗಾಗುತ್ತದೆ ಎಂದು ನೀವು ವಿವರಿಸುವುದನ್ನು ಗುರುಗಳ ಫೋನಿನಲ್ಲಿ ಧ್ವನಿಮುದ್ರಿಸಿ, ನೀವೇ ಕೇಳಿ ನೋಡಿ. ಎಲ್ಲಿ ತಡವರಿಸಿದಿರೋ ಅಲ್ಲಿ ಮತ್ತೆ ಓದಬೇಕು ಎಂದರ್ಥ. ಬರೆಯಲು ಕಷ್ಟಪಡುವ, ಆದರೆ ಚೆನ್ನಾಗಿ ಹೇಳಬಲ್ಲ ಮಕ್ಕಳಿಗೆ ಇದು ಒಳ್ಳೆಯ ದಾರಿ.

ಫೋನಿಲ್ಲದಿದ್ದರೆ?

ಚಿಂತೆಯಿಲ್ಲ. ಪ್ರಶ್ನೆ ಕೇಳಿದಾಗ ಎಲ್ಲರೂ ಕಣ್ಣು ಮುಚ್ಚಿ, ಎದೆಯ ಮುಂದೆ ಬೆರಳು ತೋರಿಸಿ. ಎ ಆದರೆ ಒಂದು, ಬಿ ಆದರೆ ಎರಡು, ಸಿ ಆದರೆ ಮೂರು, ಡಿ ಆದರೆ ನಾಲ್ಕು. ಗುರುಗಳು ಒಂದು ಸುತ್ತು ಕಣ್ಣಾಡಿಸಿದರೆ ಸಾಕು. ಫೋನು ಇದ್ದರೆ ಪ್ರತಿಯೊಬ್ಬರ ಉತ್ತರ ಹೆಸರಿನೊಂದಿಗೆ ಉಳಿಯುತ್ತದೆ. ಸೋಮವಾರದ ಉತ್ತರವನ್ನು ಶನಿವಾರದ ಉತ್ತರದೊಂದಿಗೆ ಹೋಲಿಸಬಹುದು. ಅಷ್ಟೇ ವ್ಯತ್ಯಾಸ. ಒಳ್ಳೆಯ ಪ್ರಶ್ನೆ ಇಲ್ಲದಿದ್ದರೆ ಎಷ್ಟು ಬೆಲೆಯ ಫೋನಿದ್ದರೂ ಪ್ರಯೋಜನವಿಲ್ಲ.

ಆ ಪ್ರಶ್ನೆಯನ್ನು ನೀವೇ ತಯಾರಿಸಬಾರದೇಕೆ? ಈ ವಾರ ಕಲಿತ ಒಂದು ವಿಷಯ ಆರಿಸಿಕೊಳ್ಳಿ. ಒಂದು ಸರಿಯುತ್ತರ ಬರೆಯಿರಿ. ಉಳಿದ ಮೂರನ್ನು ಸುಮ್ಮನೆ ತುಂಬಬೇಡಿ. ನಿಮ್ಮ ಗೆಳೆಯರು ನಿಜವಾಗಿಯೂ ತಪ್ಪು ತಿಳಿಯಬಹುದಾದ ಮೂರು ಸಂಗತಿಗಳನ್ನು ಯೋಚಿಸಿ ಬರೆಯಿರಿ. ಗುರುಗಳ ಅನುಮತಿ ಪಡೆದು ತರಗತಿಗೆ ಕೇಳಿ, ಬಂದ ಉತ್ತರಗಳ ಸ್ತಂಭಾಲೇಖ ಬರೆಯಿರಿ. ಯಾವ ಸ್ತಂಭ ಎತ್ತರವಾಗಿದೆ? ಏಕೆ? ಆ ಉತ್ತರ ಆರಿಸಿದವರನ್ನೇ ಕೇಳಿ ತಿಳಿದುಕೊಳ್ಳಿ.