ಹೊಡೆಯೋದಾ, ಅಡಗಿಸೋದಾ?

ಕ್ರಿಕೆಟ್‌ನಲ್ಲಿ ಒಂದು ಚೆಂಡು ಬಿಟ್ಟರೆ ಇನ್ನೊಂದು ಬರುತ್ತೆ. ಸ್ನೂಕರ್‌ನಲ್ಲಿ ಹಾಗಲ್ಲ ವೀಕ್ಷಕರೇ. ಗುರಿ ತಪ್ಪಿತು ಅಂದ್ರೆ ಹೋಗಿ ಕುರ್ಚಿಯಲ್ಲಿ ಕೂರಬೇಕು. ಎದುರಾಳಿ ಇಡೀ ಟೇಬಲ್ ಗುಡಿಸಿ ಹಾಕಿದರೂ ಸುಮ್ಮನೆ ನೋಡ್ತಾ ಇರಬೇಕು.

ಹಾಗಾಗಿ ಕಷ್ಟದ ಕೆಂಪು ಚೆಂಡು ಎದುರಿಗಿದ್ದಾಗ ಎರಡು ದಾರಿ. ಧೈರ್ಯ ಮಾಡಿ ಪಾಕೆಟ್‌ಗೆ ಹೊಡೆಯೋದು ಒಂದು. ಕೆಂಪನ್ನು ಸುಮ್ಮನೆ ಸವರಿ, ಬಿಳಿ ಚೆಂಡನ್ನು ಟೇಬಲ್‌ನ ಆಚೆ ತುದಿಗೆ, ಕಂದು ಚೆಂಡಿನ ಹಿಂದೆ ಅಡಗಿಸಿಡೋದು ಇನ್ನೊಂದು. ಆಗ ಎದುರಾಳಿಗೆ ಕೆಂಪು ಚೆಂಡಿಗೆ ನೇರ ದಾರಿಯೇ ಇರಲ್ಲ. ಮುಟ್ಟಿಸಲಾಗದಿದ್ದರೆ ಕನಿಷ್ಠ 4 ಅಂಕ ದಂಡ. ಇದನ್ನು ಹೇಡಿತನ ಅನ್ನೋರಿದ್ದಾರೆ. ನಾನು ಒಪ್ಪಲ್ಲ.

2005ರ ವಿಶ್ವ ಚಾಂಪಿಯನ್‌ಷಿಪ್, ಇಂಗ್ಲೆಂಡಿನ ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್. ಕ್ವಾರ್ಟರ್ ಫೈನಲ್‌ನಲ್ಲಿ ಹಾಲಿ ಚಾಂಪಿಯನ್ ರಾನಿ ಓ'ಸಲಿವನ್ ಎದುರು ಪೀಟರ್ ಎಬ್ಡನ್. ಓ'ಸಲಿವನ್ ಅಂದ್ರೆ ಮಿಂಚು. ಇದೇ ಕ್ರೂಸಿಬಲ್‌ನಲ್ಲಿ 1997ರಲ್ಲಿ ಒಂದೂ ತಪ್ಪದೆ 36 ಚೆಂಡು ಹಾಕಿ ಗರಿಷ್ಠ 147 ಅಂಕ ಗಳಿಸಿದ ಮನುಷ್ಯ. ತೆಗೆದುಕೊಂಡದ್ದು 5 ನಿಮಿಷ 8 ಸೆಕೆಂಡ್. ಈ ಪಂದ್ಯದಲ್ಲೂ 8-2ರಿಂದ ಮುಂದಿದ್ದರು. ಮುಗೀತು ಅಂತಲೇ ಎಲ್ಲರ ಲೆಕ್ಕ.

ಎಬ್ಡನ್ ಗಡಿಯಾರವನ್ನೇ ನಿಲ್ಲಿಸಿಬಿಟ್ಟರು. ಟೇಬಲ್ ಸುತ್ತ ನಡೆದರು, ಯೋಚಿಸಿದರು, ಮತ್ತೆ ನಡೆದರು. ಒಂದು ಸಲ ಬರೀ 12 ಅಂಕಕ್ಕೆ 5 ನಿಮಿಷ ದಾಟಿತು! ಕೂತ ಓ'ಸಲಿವನ್ ಪ್ರೇಕ್ಷಕರೊಬ್ಬರನ್ನು ಟೈಮ್ ಎಷ್ಟಾಯ್ತು ಅಂತ ಕೇಳಿದರು. (ನಮ್ಮ ಸ್ಟುಡಿಯೋದಲ್ಲಿ ಐದು ಸೆಕೆಂಡ್ ಸುಮ್ಮನಿದ್ದರೆ ನಿಮ್ಮ ಕೈ ರಿಮೋಟ್‌ಗೆ ಹೋಗುತ್ತೆ!) ವೇಗದ ಆಟಗಾರನಿಗೆ ಲಯವೇ ಬಂಡವಾಳ. ಅದು ಕೆಟ್ಟರೆ ಸುಲಭದ ಚೆಂಡೂ ತಪ್ಪುತ್ತೆ. ಉಳಿದ 14 ಫ್ರೇಮ್‌ಗಳಲ್ಲಿ 11 ಎಬ್ಡನ್ ಪಾಲಾದವು. ಗೆಲುವು 13-11.

ಇದು ಆಟವೇ ಅಲ್ಲ ಅಂತ ಟೀಕೆ ಬಂತು. ನೋಡೋಕೆ ಬೇಸರ, ನಿಜ. ಆದರೆ ನಿಯಮ ಎಲ್ಲಿ ಮುರಿದರು ಸ್ವಾಮಿ? ಹಿಂದೆ ಬಿದ್ದವನು ಎದುರಾಳಿಗೆ ಇಷ್ಟವಾದ ಆಟವನ್ನೇ ಯಾಕೆ ಆಡಬೇಕು? ಮುಂದಿದ್ದವರು ಕಾಯೋದನ್ನ ಕಲಿತಿರಬೇಕಿತ್ತು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಪ್ರಶಸ್ತಿ ಗೆದ್ದವರು. ತಾಳ್ಮೆ ಇಲ್ಲದೆ ಅದು ಆಗೋ ಮಾತಲ್ಲ.

ಅಂದ ಹಾಗೆ ಸೆಮಿಫೈನಲ್‌ನಲ್ಲಿ ಎಬ್ಡನ್‌ಗೆ ಎದುರಾದದ್ದು ಅರ್ಹತಾ ಸುತ್ತಿನಿಂದ ಬಂದ 22ರ ಹುಡುಗ ಶಾನ್ ಮರ್ಫಿ. ದೂರದಿಂದಲೇ ಧೈರ್ಯವಾಗಿ ಹೊಡೆಯೋ ಆಟ ಅವರದು. ಎಬ್ಡನ್ 17-12ರಲ್ಲಿ ಸೋತರು. ಆ ವರ್ಷದ ಕಪ್ ಮರ್ಫಿಯೇ ಒಯ್ದರು.