ಪಂಚರ ‘ಒಲ್ಲೆ’

ಮರಾಠಿ, ಕನ್ನಡಗಳೆರಡರಲ್ಲೂ ‘ಪಂಚರು’ ಎಂದರೆ ನ್ಯಾಯ ಹೇಳುವ ಊರವರು. ಬ್ರಿಟಿಷರು ತಂದ ಜ್ಯೂರಿ ಇದಕ್ಕೆ ಸಮೀಪದ ವ್ಯವಸ್ಥೆ. ಕಾನೂನಿನ ಪ್ರಕಾರ ಅಪರಾಧವೆನಿಸಿದರೂ ಮನಸ್ಸಾಕ್ಷಿ ಒಪ್ಪದಿದ್ದಾಗ ಆರೋಪಿಯನ್ನು ನಿರ್ದೋಷಿಯೆನ್ನುವ ಶಕ್ತಿ ಜ್ಯೂರಿಗಿರುತ್ತದೆ. 1670ರ ಬುಶೆಲ್ ಪ್ರಕರಣದ ಬಳಿಕ ಇಂಗ್ಲೆಂಡಿನಲ್ಲಿ ತೀರ್ಪಿಗಾಗಿ ಅವರನ್ನು ದಂಡಿಸುವಂತಿರಲಿಲ್ಲ.

ಭಾರತದಲ್ಲಿ ಈ ಶಕ್ತಿ ಕುಂಟುತ್ತಲೇ ಇತ್ತು. 1908ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ತಿಲಕರನ್ನು ರಾಜದ್ರೋಹಿಯೆಂದವರು ಏಳು ಮಂದಿ; ಇಬ್ಬರು ಒಪ್ಪಲಿಲ್ಲ. ನನ್ನ ಮಟ್ಟಿಗೆ ಆ ವಿಚಾರಣೆಯಲ್ಲಿ ನೆನೆಯಬೇಕಾದವರು ಇವರೂ ಹೌದು. ಇಂಗ್ಲೆಂಡಿನಂತೆ ಸರ್ವಾನುಮತ ಕಡ್ಡಾಯವಾಗಿದ್ದರೆ ಆ ಇಬ್ಬರ ನಿರಾಕರಣೆಯೇ ತೀರ್ಪನ್ನು ತಡೆಯುತ್ತಿತ್ತು. ಇಲ್ಲಿ ಬಹುಮತವೇ ಸಾಕಾಯಿತು. ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಮಂಡಾಲೆಗೆ ಸಾಗಿಸಲ್ಪಟ್ಟರು.

1959ರ ನಾನಾವತಿ ಕೊಲೆ ಮೊಕದ್ದಮೆಯಲ್ಲಿ ಒಂಬತ್ತರಲ್ಲಿ ಎಂಟು ಮಂದಿ ನಿರ್ದೋಷಿಯೆಂದರೂ ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ.