ಮಣ್ಣು ವಿಜ್ಞಾನಿಗಳೇ, ಮಾರಿಕುಪ್ಪಂ ಗಾಡಿ ಹತ್ತಿ

ಮಣ್ಣು ವಿಜ್ಞಾನಿಗಳ ಸಮ್ಮೇಳನಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಸಭಾಂಗಣದೊಳಗಿನ ಪ್ರಬಂಧ, ಚರ್ಚೆ, ಸನ್ಮಾನ ಎಲ್ಲ ಮುಗಿದ ಮೇಲೆ ಬಂದವರನ್ನೆಲ್ಲ ಬಸ್ಸು ಹತ್ತಿಸಿ ಹೊಲಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಆಳೆತ್ತರದ ಗುಂಡಿ ತೋಡಿ ಇಟ್ಟಿರುತ್ತಾರೆ. ನಲವತ್ತು ವರ್ಷ ಪಾಠ ಹೇಳಿದ ಪ್ರಾಧ್ಯಾಪಕರೂ ಪ್ಯಾಂಟು ಮಡಚಿ ಅದರೊಳಗೆ ಇಳಿಯುತ್ತಾರೆ, ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆಯುತ್ತಾರೆ, ಮನ್ಸೆಲ್ ಬಣ್ಣದ ಪುಸ್ತಕ ಹಿಡಿದು ಇದು ಕೆಂಪೋ ಕಂದುಗೆಂಪೋ ಎಂದು ವಾದಕ್ಕಿಳಿಯುತ್ತಾರೆ. ಭಾರತೀಯ ಮಣ್ಣು ವಿಜ್ಞಾನ ಸಂಘ ಹುಟ್ಟಿದ್ದು 1934ರಲ್ಲಿ. 1982ರಲ್ಲಿ ಅಂತರರಾಷ್ಟ್ರೀಯ ಮಣ್ಣು ವಿಜ್ಞಾನ ಸಮ್ಮೇಳನವೇ ದೆಹಲಿಗೆ ಬಂದಿತ್ತು. ನಮ್ಮಲ್ಲಿ ಬಳ್ಳಾರಿಯ ಮಣ್ಣು ಸಂರಕ್ಷಣಾ ಕೇಂದ್ರಕ್ಕೆ ಎಪ್ಪತ್ತು ದಾಟಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಮಣ್ಣು ಸಮೀಕ್ಷೆಯ ರಾಷ್ಟ್ರೀಯ ಸಂಸ್ಥೆಯ ಕೇಂದ್ರವಿದೆ, ಹತ್ತಿರದಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. ಸಭೆ ಸೇರಲು ಜಾಗಕ್ಕೇನೂ ಬರವಿಲ್ಲ. ಆದರೆ ದಕ್ಷಿಣದ ಮುಂದಿನ ಸಮ್ಮೇಳನದ ಹೊಲಯಾತ್ರೆ ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಬಂಗಾರಪೇಟೆಯಲ್ಲಿ ಇಳಿಯಿರಿ, ಮಾರಿಕುಪ್ಪಂ ಗಾಡಿ ಹತ್ತಿ.

1894ರಲ್ಲಿ ಕೋಲಾರದ ಚಿನ್ನದ ಗಣಿಗಾಗಿ ಹಾಕಿದ ಹದಿನಾರು ಕಿಲೋಮೀಟರಿನ ಕವಲು ಹಳಿ ಅದು. ಒಂದು ತುದಿಯಲ್ಲಿ ಸವೆಯುತ್ತಿರುವ ಮಣ್ಣು, ಇನ್ನೊಂದು ತುದಿಯಲ್ಲಿ ಮಣ್ಣೇ ಆಗದೆ ಬಿದ್ದಿರುವ ಕಲ್ಲುಪುಡಿ. ಎರಡನ್ನೂ ಒಂದೇ ದಿನದಲ್ಲಿ ನೋಡಬಹುದಾದ ಜಾಗ ನನಗೆ ಗೊತ್ತಿದ್ದಂತೆ ಕರ್ನಾಟಕದಲ್ಲಿ ಬೇರೆ ಇಲ್ಲ.

ಗಾಡಿ ಹತ್ತುವ ಮೊದಲು ಬಂಗಾರಪೇಟೆ ಸುತ್ತಿನ ಒಂದು ರಾಗಿ ಹೊಲದಲ್ಲಿ ಗುಂಡಿ ತೋಡಿ. ಮೇಲಿನ ಗೇಣುದ್ದ ಮರಳು ಬೆರೆತ ಕೆಮ್ಮಣ್ಣು. ಅದರ ಕೆಳಗೆ ಇನ್ನೂ ಕೆಂಪಗಿನ, ಕೈಗೆ ಅಂಟುವ ಜೇಡಿ. ಆಮೇಲೆ ಗರಸು. ತಳದಲ್ಲಿ ಬೆರಳಿನಿಂದ ಒತ್ತಿದರೆ ಉದುರುವ ಕೊಳೆತ ಕಲ್ಲು. ಈ ಮಣ್ಣಿಗೆ ಒಂದು ಕೆಟ್ಟ ಚಾಳಿ ಇದೆ. ಜೋರು ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಮೊಳಕೆ ಮೇಲೇಳಲಾರದು, ಮುಂದಿನ ಮಳೆ ಒಳಗಿಳಿಯಲಾರದು. ಇಳಿಯದ ನೀರು ಹರಿಯುತ್ತದೆ, ಹರಿಯುವ ನೀರು ಮಣ್ಣನ್ನು ಹೊರುತ್ತದೆ. ದೇಶದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ ಹದಿನಾರು ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂಬುದು 1983ರಿಂದ ಎಲ್ಲರೂ ಹೇಳುತ್ತಾ ಬಂದ ಲೆಕ್ಕ. ಕೇಳಲು ಭಾರೀ ಎನಿಸುತ್ತದೆ, ಹರಡಿದರೆ ಒಂದು ಮಿಲಿಮೀಟರಿನ ಆಸುಪಾಸು. ಕಣ್ಣಿಗೆ ಕಾಣದ್ದರಿಂದಲೇ ಬದು ಒಡೆದರೂ ಯಾರೂ ಎದ್ದು ಹೋಗಿ ಕಟ್ಟುವುದಿಲ್ಲ.

ನದಿ ಎಂದರೆ ಮಳೆಗಾಲದಲ್ಲಷ್ಟೇ ನೆನಪಾಗುವ ಪಾಲಾರ್ ಇರುವ ಜಿಲ್ಲೆ ಇದು. ಕೊಚ್ಚಿದ ಮಣ್ಣು ಸೇರುತ್ತಿದ್ದದ್ದು ಕೆರೆಗೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಆ ಗೋಡನ್ನು ಗಾಡಿಯಲ್ಲಿ ತುಂಬಿ ಮತ್ತೆ ಹೊಲಕ್ಕೆ ಹೊಡೆಯುತ್ತಿದ್ದರು. ಯಾವ ಯೋಜನೆಯ ಹೆಸರೂ ಇಲ್ಲದೆ ನಡೆದ ಮಣ್ಣು ಸಂರಕ್ಷಣೆ ಅದು. 2018ರ ಜೂನಿನಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿತ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಬತ್ತಿದ ಬೋರ್‌ವೆಲ್‌ಗಳಿಗೆ ಜೀವ ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೇಸಿಗೆಯಲ್ಲೂ ತುಂಬಿ ನಿಂತ ಕೆರೆಯಿಂದ ಗೋಡು ತೆಗೆಯುವುದು ಹೇಗೆ? ಮೂರನೇ ಹಂತದ ಶುದ್ಧೀಕರಣ ಬೇಕೆಂದು ರೈತರು ಕೂಗುತ್ತಿರುವಾಗ, ಆ ನೀರು ಹತ್ತು ವರ್ಷ ಹರಿದ ಮೇಲೆ ಈ ಕೆಮ್ಮಣ್ಣು ಏನಾಗಿರುತ್ತದೆ? ಸಮ್ಮೇಳನದಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು.

ಇದೇ ಕೆಮ್ಮಣ್ಣಿನ ಮೇಲೆ ನಡೆದ ನೀಲಗಿರಿಯ ಕಥೆ ಹಳೆಯದು, ಚಿಕ್ಕದಾಗಿ ಹೇಳುತ್ತೇನೆ. ಸಾಮಾಜಿಕ ಅರಣ್ಯದ ಹುರುಪಿನಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. 1981ರಷ್ಟು ಹಿಂದೆಯೇ ವಂದನಾ ಶಿವ ಮತ್ತು ಸಂಗಡಿಗರು ಕೋಲಾರವನ್ನೇ ಅಧ್ಯಯನ ಮಾಡಿ ಎಚ್ಚರಿಸಿದ್ದರು. ಸರ್ಕಾರ ಹೊಸ ನೆಡುವಿಕೆ ನಿಲ್ಲಿಸಿದ್ದು 2017ರಲ್ಲಿ. ನಡುವಿನ ಮೂವತ್ತಾರು ವರ್ಷಕ್ಕೆ ಯಾರು ಹೊಣೆ ಎಂದು ಕೇಳಿದರೆ ಎಲ್ಲರೂ ಕಡತ ತೋರಿಸುತ್ತಾರೆ.

ಈಗ ಗಾಡಿ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ದಾಟುವಾಗ ಕಿಟಕಿಯಾಚೆ ಸೈನೈಡ್ ಗುಡ್ಡಗಳು. ಈ ಗಣಿಯನ್ನೇ ಹಿನ್ನೆಲೆಯಾಗಿಟ್ಟ 2018ರ ಸಿನಿಮಾ ಬಂದ ಮೇಲೆ ಅವು ಪ್ರವಾಸಿಗರ ಫೋಟೋಗಳಿಗೂ ಬಂದಿವೆ. 1880ರಿಂದ 2001ರ ಫೆಬ್ರವರಿ 28ರಂದು ಬಾಗಿಲು ಹಾಕುವವರೆಗೆ ಗಣಿ ಕೊಟ್ಟದ್ದು 800 ಟನ್ನಿನಷ್ಟು ಚಿನ್ನ. ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಇಳಿದು ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಬಸಿದು, ಉಳಿದದ್ದನ್ನು ಸುರಿದರು. ಹದಿಮೂರು ಗುಡ್ಡ, ಸುಮಾರು 3.3 ಕೋಟಿ ಟನ್.

ಹೆಸರು ಕೇಳಿ ಎಲ್ಲರೂ ಹೆದರುವುದು ಸೈನೈಡಿಗೆ. ಅದು ಬಿಸಿಲು ಗಾಳಿಗೆ ಬಹುಪಾಲು ಒಡೆದುಹೋಗುವ ವಸ್ತು. ಆರ್ಸೆನಿಕ್‌ನಂಥವು ಹಾಗಲ್ಲ, ಅವು ಹೋಗುವುದಿಲ್ಲ. ಒಂದು ಹಿಡಿ ಎತ್ತಿ ನೋಡಿ: ಬೂದುಬಣ್ಣದ ನುಣುಪು ಪುಡಿ, ನೀರು ಹಾಕಿ ಹಿಸುಕಿದರೆ ಲೋಳೆ, ಒಣಗಿದರೆ ಹಾರುವ ಧೂಳು. ಬೇರಿನ ಎಳೆಯಿಲ್ಲ, ಎರೆಹುಳುವಿಲ್ಲ, ಕೊಳೆತ ಎಲೆಯ ವಾಸನೆಯಿಲ್ಲ. ಆಷಾಢದ ಗಾಳಿಗೆ ಇದು ಕಾರ್ಮಿಕರ ಲೈನು ಮನೆಗಳ ನೀರಿನ ಬಿಂದಿಗೆಯೊಳಗೂ ಇಳಿಯುತ್ತದೆ. ಮಳೆ ಬಂದರೆ ಗುಡ್ಡದ ಮೈ ಸೀಳಿಕೊಂಡು ಕೊರಕಲು ಬೀಳುತ್ತದೆ. ಕೊರಕಲಿನ ಪಾಠ ಹೇಳಲು ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಕರಿಹಲಗೆ ಸಿಗದು.

ಒಂದು ವಿಚಿತ್ರವನ್ನು ಇಲ್ಲೇ ಹೇಳಿಬಿಡಬೇಕು. 2009ರಲ್ಲಿ ಭೂಚೇತನ ಯೋಜನೆ ಶುರುವಾದ ಆರು ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಇಕ್ರಿಸ್ಯಾಟ್ ವಿಜ್ಞಾನಿಗಳು ಹೊಲಹೊಲದ ಮಣ್ಣು ಪರೀಕ್ಷಿಸಿ ಸತು, ಬೋರಾನ್, ಗಂಧಕ ಸಾಲದು ಎಂದರು. ಗಂಧಕ ಸಾಲದ ಹೊಲಗಳ ಮಗ್ಗುಲಲ್ಲೇ ಗಂಧಕದ ಖನಿಜ ಬೆರೆತ ಗುಡ್ಡ ನಿಂತಿದೆ. ಅದು ಗಾಳಿ ನೀರಿಗೆ ಸಿಕ್ಕರೆ ಗೊಬ್ಬರವಾಗುವುದಿಲ್ಲ, ಆಮ್ಲವಾಗುತ್ತದೆ.

ಇಂಥ ಪುಡಿಯನ್ನು ಮಣ್ಣು ಮಾಡಲಾಗದು ಎಂದೇನಿಲ್ಲ. ಇಳಿಜಾರು ತಗ್ಗಿಸಬೇಕು, ಮೇಲ್ಮಣ್ಣು ಹೊದಿಸಬೇಕು, ಸುಣ್ಣ ಮತ್ತು ಕಾಂಪೋಸ್ಟ್ ಕೊಡಬೇಕು. ಮೊದಲು ಹುಲ್ಲು, ಲಾವಂಚ, ಆಮೇಲೆ ಹೊಂಗೆ. ದನ ಮೇಯದಂತೆ ವರ್ಷಗಟ್ಟಲೆ ಕಾಯಬೇಕು. ಖರ್ಚಿಗಿಂತ ಕಷ್ಟ ಮೇಲ್ಮಣ್ಣಿನದು, ಅದನ್ನು ಬಂಗಾರಪೇಟೆಯ ಹೊಲದಿಂದ ಬಾಚುವಂತಿಲ್ಲವಲ್ಲ.

2024ರ ಜೂನಿನಲ್ಲಿ ರಾಜ್ಯ ಸಂಪುಟ 1,003 ಎಕರೆಯಲ್ಲಿರುವ ಈ ಹದಿಮೂರು ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯಲು ಒಪ್ಪಿತು. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ. ಅಂದರೆ 3.3 ಕೋಟಿ ಟನ್ ಪುಡಿ ಮತ್ತೆ ಕದಡಿ, ಮತ್ತೆ ಎಲ್ಲೋ ಸುರಿದು ಬೀಳುತ್ತದೆ. ಆ ಹೊಸ ಗುಡ್ಡದ ಇಳಿಜಾರು ಎಷ್ಟಿರಬೇಕು, ಮೇಲೆ ಏನು ಹೊದಿಸಬೇಕು, ಹುಲ್ಲು ಬೇರೂರುವವರೆಗೆ ಕಾಯುವವರು ಯಾರು, ಆ ಹಣ ಯಾರ ಜೇಬಿನದು ಎಂಬುದನ್ನೆಲ್ಲ ಗುತ್ತಿಗೆಯ ಷರತ್ತಿನಲ್ಲೇ ಬರೆಸಬೇಕು. ಹಾಗೆ ಬರೆಸಲು ಗಣಿ ಎಂಜಿನಿಯರರ ಪಕ್ಕದ ಕುರ್ಚಿಯಲ್ಲಿ ಮಣ್ಣು ಬಲ್ಲವರೂ ಕೂರಬೇಕು. ಸಮ್ಮೇಳನದ ಹೊಲಯಾತ್ರೆ ಇಲ್ಲಿಗೆ ಬರಲಿ ಎಂದು ನಾನು ಹೇಳುತ್ತಿರುವುದು ಇದಕ್ಕೆ. ಊಟದ ಏರ್ಪಾಡಿನ ಚಿಂತೆ ಬೇಡ, ಸಂಜೆಗೆ ಬಂಗಾರಪೇಟೆಯ ಬಿಳಿ ಪಾನಿಪೂರಿ ಇದ್ದೇ ಇದೆ.